ಬೂದಿ ಏಳುವ ಹೊತ್ತು

ನಮ್ಮೂರಲ್ಲಿ ಬದುಕಿರುವವರು ಏಳುವುದಿಲ್ಲ. ಬೆಳಿಗ್ಗೆ ಕಣ್ಣುಬಿಡುತ್ತೇವೆ, ಚಾಪೆ ಸುತ್ತುತ್ತೇವೆ, ಬಿದ್ದ ಮಗುವಿಗೆ ‘ನಿಂತ್ಕೊ ಮಗ’ ಅನ್ನುತ್ತೇವೆ. ಹೊಲದಲ್ಲಿ ಪೈರು ಬರುತ್ತದೆ, ದಾರಿಯಲ್ಲಿ ಧೂಳು ಹಾರುತ್ತದೆ. ಉಂಡವರು ಎಲೆಯ ಮುಂದೆ ಕೂತೇ ಇದ್ದರೆ ಹಿರಿಯರು ‘ಕೈ ತೊಳೀರಪ್ಪ’ ಅನ್ನುತ್ತಾರೆಯೇ ಹೊರತು ಆ ಇನ್ನೊಂದು ಮಾತನ್ನು ಬಾಯಿಗೆ ತಂದುಕೊಳ್ಳುವುದಿಲ್ಲ. ಆ ಮಾತು ಸತ್ತವರದು. ಸಂಜೆ ದೀಪ ಹಚ್ಚಿ, ಗೋಡೆಯ ಮಾಡದಲ್ಲಿರುವ ಕಲ್ಲನ್ನು ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಮಾಡಿ ಬೂದಿಯ ಮೇಲೆ ಹಿಡಿದಾಗ ಏಳುವವರು ಅವರು. ಅವರ ಮಾತನ್ನು ನಾವು ಆಡಿದರೆ ಅವರು ಏನನ್ನು ಆಡಬೇಕು?

ಊರ ಬೆನ್ನಿಗೆ ಒಂದು ಗುಡ್ಡ. ಅದರ ಕರಿಬಂಡೆಯ ಮೈಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿಕಲ್ಲಿನ ಸೆರೆಗಳು ಹರಿದಿವೆ. ನಮ್ಮಜ್ಜ, ನಮ್ಮಪ್ಪ, ನಾನು, ಎಲ್ಲರೂ ಆ ಸೆರೆಯನ್ನು ಅಗೆದು ಬಾಳಿದವರೇ. ಬಿಳಿಕಲ್ಲಿನ ನಡುವೆ ಕಾಗೆಬಂಗಾರ ಹಾಳೆಹಾಳೆಯಾಗಿ ಮಿನುಗುತ್ತದೆ. ಅದು ಬೆಳ್ಳಗಿರುವ ತನಕ ಸುಮ್ಮನೆ ಅಗೆಯುತ್ತಿರಬೇಕು. ಯಾವಾಗ ಕಾಗೆಬಂಗಾರ ನೇರಳೆಗೆ ತಿರುಗಿತೋ ಆಗ ಹಾರೆ ಕೆಳಗಿಟ್ಟು ಕೈಮುಗಿಯಬೇಕು. ಅಲ್ಲೇ ಆಸುಪಾಸಿನಲ್ಲಿ ಗೂಡು ಇರುತ್ತದೆ. ಗೂಡೆಂದರೆ ಬಂಡೆಯ ಹೊಟ್ಟೆಯೊಳಗಿನ ಪೊಳ್ಳು, ಪೊಳ್ಳಿನ ತುಂಬ ಒದ್ದೆ ಜೇಡಿ, ಜೇಡಿಯೊಳಗೆ ಮನೆಮನೆಯ ಮಾಡದಲ್ಲಿರುವ ಬೂದಿಗಲ್ಲು. ಕಬ್ಬಿಣ ತಾಗಿಸಿದರೆ ಅದು ಅಡ್ಡಡ್ಡ ಮುರಿದುಹೋಗುತ್ತದೆ, ಆದ್ದರಿಂದ ಸೂಲಗಿತ್ತಿಯ ಹಾಗೆ ಬರಿಗೈ ಹಾಕಿ ತಡಕಿ ತೆಗೆಯಬೇಕು. ಮೂರು ಮೂಲೆಯ ಕಡ್ಡಿ, ಉದ್ದಕ್ಕೂ ಬಾಚಣಿಗೆ ಎಳೆದಂಥ ಗೆರೆ. ಮೈಯೆಲ್ಲ ಹಸಿರು, ಒಳಗೆ ಕಲ್ಲಂಗಡಿಯ ಕೆಂಪು. ಮಗ್ಗುಲಿಂದ ನೋಡಿದರೆ ಬೆಳಕು ದಾಟುತ್ತದೆ, ತುದಿಯಿಂದ ಉದ್ದಕ್ಕೆ ನೋಡಿದರೆ ಕತ್ತಲೆ. ‘ಈ ಕಡೆಯಿಂದ ನಾವು ಕಣಪ್ಪ, ಆ ಕಡೆಯಿಂದ ಅವರು’ ಎಂದು ನಮ್ಮವ್ವ ಹೇಳುತ್ತಿದ್ದಳು.

ಆ ಗುಡ್ಡದ ಮಣ್ಣಿನಲ್ಲೇ ಒಲೆ ಮೆತ್ತುತ್ತೇವಾದ್ದರಿಂದ ನಮ್ಮ ಮನೆಗಳ ಬೆಂಕಿಯ ಅಂಚು ಕುಂಕುಮದ ಬಣ್ಣಕ್ಕಿರುತ್ತದೆ. ಒಮ್ಮೆ ಪಟ್ಟಣದಿಂದ ಬಂದ ಒಬ್ಬರು ಅದನ್ನು ನೋಡಿ ಲಿಥಿಯಂ ಅಂದರು. ನಾವು ಊರದೇವತೆ ಬೂದೆಮ್ಮ ತಾಯಿಯ ಕುಂಕುಮ ಅಂದೆವು. ಅವರಿಗೂ ಹಸಿವಾಗಿತ್ತು, ನಮಗೂ ಆಗಿತ್ತು. ಮುದ್ದೆ ಉಂಡು ಹೋದರು.

ಊರಲ್ಲಿ ಯಾರು ಕಣ್ಣುಮುಚ್ಚಿದರೂ ಸುಟ್ಟ ಮೇಲೆ ಒಂದು ಹಿಡಿ ಬೂದಿ ಮನೆಯ ಒಲೆಗೆ ಬರುತ್ತದೆ. ಅಂದಿನಿಂದ ಸಂಜೆಯ ಹೊತ್ತು ಅವರ ಜೊತೆ ಮಾತು. ಬೆಚ್ಚಗಾದ ಕಲ್ಲನ್ನು ಹಿಡಿದರೆ ಬೂದಿ ಮೊದಲು ನಡುಗುತ್ತದೆ, ಆಮೇಲೆ ಎಳೆಎಳೆಯಾಗಿ ನಿಂತು ಕಲ್ಲಿಗೆ ಬಂದು ಹತ್ತುತ್ತದೆ. ‘ಅವ್ವ ಎದ್ದವ್ಳೆ’ ಅನ್ನುತ್ತೇವೆ. ಅಂದಿನ ಸುದ್ದಿ ಹೇಳುತ್ತೇವೆ. ಸ್ವಲ್ಪ ಹೊತ್ತಿಗೆ ಬೂದಿ ಪಟಪಟನೆ ಸಿಡಿದು ಕೆಳಗುದುರುತ್ತದೆ. ‘ಹೋಗ್ ಬರ್ತೀನಿ ಅಂದ್ಳು’ ಅನ್ನುತ್ತೇವೆ. ನಮ್ಮ ಪಕ್ಕದ ಮನೆಯ ದ್ಯಾವಮ್ಮಜ್ಜಿಯ ಒಬ್ಬನೇ ಮಗ ಗೂಡು ಕುಸಿದು ಹೋದವನು. ಅಜ್ಜಿ ಅವನನ್ನು ದಿನವೂ ಸಾರಿಗೆ ಉಪ್ಪು ಸರಿಯಿದೆಯಾ ಎಂದು ಕೇಳುತ್ತಾಳೆ. ಬೂದಿ ಬೇಗ ಉದುರಿದರೆ ಉಪ್ಪು ಹೆಚ್ಚಾಗಿದೆ ಎಂದು ನೀರು ಬೆರೆಸುತ್ತಾಳೆ.

ಇಂಥ ಊರಿಗೆ ಹೊಂಬಾಳೆ ನನ್ನ ಹೆಂಡತಿಯಾಗಿ ಬಂದಳು. ಅವಳದು ಬಯಲುಸೀಮೆ, ಎಳ್ಳು ಬೆಳೆಯುವ ಊರು. ಮಾತೆಂದರೆ ಹುರಿದ ಎಳ್ಳಿನ ಹಾಗೆ ಚಟಪಟ. ನೆರೆಯ ಹೆಂಗಸರು ಅವಳಿಗೆ ಕಲ್ಲು ಹಿಡಿಯುವುದನ್ನು ಕಲಿಸಿದರು, ಒಲೆಗೆ ಕಾಲು ಚಾಚಬಾರದು ಅಂದರು, ಬೂದಿಯಿಂದ ಪಾತ್ರೆ ಉಜ್ಜಬಾರದು ಅಂದರು. ಆ ಒಂದು ಮಾತಿನ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲವಷ್ಟೆ. ಹೇಳಬೇಕಾಗಿದ್ದ ನಮ್ಮವ್ವ ಒಲೆಯೊಳಗಿದ್ದಳು.

ಮದುವೆಯಾದ ಹೊಸತು. ಹಿಂದಿನ ದಿನ ಗುಡ್ಡದಲ್ಲಿ ನನ್ನ ಮೇಲೆ ಒಂದಿಷ್ಟು ಜೇಡಿ ಕುಸಿದಿತ್ತು. ಜೊತೆಯವರು ಹೊರಗೆ ಎಳೆದು ಹಾಕಿದ್ದರು. ಮೈ ಬಿಸಿಯಾಗಿ, ಬೆಳಿಗ್ಗೆ ಹೊತ್ತೇರಿದ ಮೇಲೆ ಕಣ್ಣುಬಿಟ್ಟು, ಚಳಿಗೆಂದು ಒಲೆಯ ಮುಂದೆ ಕೂತಿದ್ದೆ. ಜೊತೆಗೆ ಅಗೆಯುವ ಸಣ್ಣೀರ ನನ್ನನ್ನು ವಿಚಾರಿಸಲು ಬಂದು ಬಾಗಿಲಲ್ಲಿ ನಿಂತ.

“ಅತ್ತಿಗವ್ವ, ಚೆಲುವಯ್ಯಣ್ಣ ಹೆಂಗವ್ನೆ?”

“ಈಗಿನ್ನ ಎದ್ರು ಕಣಪ್ಪ,” ಅಂದಳು ಹೊಂಬಾಳೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಒಲೆತಾವ ಅವ್ರೆ. ಬಾ, ಒಳಿಕ್ ಬಾ.”

ಸಣ್ಣೀರನ ಕೈಯಿಂದ ಹಾರೆ ಬಿದ್ದ ಸದ್ದು ನನಗೆ ಕೇಳಿಸಿತು. ಅವನು ಒಳಗೆ ಬರಲಿಲ್ಲ. ಬೀದಿಯಲ್ಲಿ ಓಡುತ್ತ ಓಡುತ್ತ ಅವನು ಅಳುವ ಸದ್ದು ದೂರವಾಯಿತು. ನಾನು ಮುಖ ತೊಳೆದು ಹೊರಗೆ ಬರುವ ಹೊತ್ತಿಗೆ ಆ ತುದಿಯಲ್ಲಿ ತಮಟೆ ಕೇಳುತ್ತಿತ್ತು, ಇಬ್ಬರು ಚಟ್ಟಕ್ಕೆಂದು ಹಸಿ ಬಿದಿರು ಸೀಳುತ್ತಿದ್ದರು. ಅಂಗಳದ ತುಂಬ ಜನ. ನನ್ನನ್ನು ನೋಡಿ ಯಾರೂ ನಗಲಿಲ್ಲ.

“ಏನ್ರಪ್ಪ ಇದು? ನಾನು ಚೆನ್ನಾಗಿವ್ನಿ. ಅವ್ಳು ಹೊಸಬ್ಳು, ಗೊತ್ತಾಗ್ದೆ ಅಂದವ್ಳೆ,” ಅಂದೆ.

ಬೂದೆಮ್ಮನ ಪೂಜೆ ಮಾಡುವ ಗುಡ್ಡಪ್ಪ ಮುಂದೆ ಬಂದರು. ವಯಸ್ಸಾದವರು, ಮೆತ್ತನೆಯ ಮನುಷ್ಯ. ನನ್ನ ಎದೆಯನ್ನೇ ನೋಡಿದರು. ನಾನೂ ತಲೆ ಬಗ್ಗಿಸಿ ನೋಡಿಕೊಂಡೆ. ನನ್ನ ಎದೆಯ ಮೇಲೆ, ತೋಳಿನ ಮೇಲೆ, ಒಲೆಯ ಬೂದಿ ಹತ್ತಿ ನಿಂತಿತ್ತು. ಮೆತ್ತಿಕೊಂಡಿರಲಿಲ್ಲ, ನಾಯಿಯ ಬೆನ್ನಿನ ಕೂದಲು ನಿಮಿರುವ ಹಾಗೆ ಎಳೆಎಳೆಯಾಗಿ ನಿಂತಿತ್ತು.

ಆಗ ನೆನಪಾಯಿತು. ಹಿಂದಿನ ದಿನ ಸಿಕ್ಕಿದ ಕಲ್ಲು ಸೊಂಟದ ಗಂಟಿನಲ್ಲೇ ಉಳಿದಿತ್ತು, ಒಲೆಯ ಕಾವಿಗೆ ಬೆಚ್ಚಗಾಗಿತ್ತು. “ನೋಡಿ, ಇದ್ರಿಂದ,” ಎಂದು ಬಿಚ್ಚಿ ಅಂಗಳದಾಚೆಗೆ ಎಸೆದೆ. ಎಲ್ಲರೂ ಕಾದರು. ನಾನೂ ಕಾದೆ. ಬೂದಿ ಉದುರಲಿಲ್ಲ.

“ಮನೆಯಾಕೆ ಒಲೆತಾವ ನಿಂತು ಆಡಿದ ಮಾತು,” ಎಂದರು ಗುಡ್ಡಪ್ಪ, ನನಗಲ್ಲ, ಹೊಂಬಾಳೆಗೆ. “ಅದನ್ನ ಯಾರೂ ಹಿಂದಕ್ ತಕಳಕಾಗಲ್ಲ ಕಣವ್ವ. ಬೂದಿನೂ ಒಪ್ಕಂಡದೆ.”

ಆ ಗಳಿಗೆಯಿಂದ ಊರಿನ ಪಾಲಿಗೆ ನಾನು ಎದ್ದವನಾದೆ. ಎದ್ದವನನ್ನು ಮತ್ತೆ ಸುಡುವುದಿಲ್ಲವೆಂದು ಬಿದಿರು ಸೀಳುವುದು ನಿಂತಿತು. ಯಾರೂ ನನ್ನನ್ನು ಹೀಯಾಳಿಸಲಿಲ್ಲ, ಓಡಿಸಲಿಲ್ಲ. ಎದ್ದವರನ್ನು ಓಡಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊಸ್ತಿಲ ಬಳಿ ಎಡೆ ಇಟ್ಟು ಕೈಮುಗಿದು ಹೋಗುತ್ತಿದ್ದರು. ನಿನ್ನೆ ತನಕ ‘ಏನ್ಲಾ ಚೆಲ್ವ’ ಅನ್ನುತ್ತಿದ್ದವರ ಬಾಯಲ್ಲಿ ಈಗ ‘ಚೆಲುವಯ್ಯನೋರು’. ಸಂಜೆ ಸಣ್ಣೀರ ಬಂದು, ನಾನು ಮೂಲೆಯಲ್ಲಿ ಕೂತಿದ್ದರೂ, ಒಲೆಯ ಕಡೆ ಮುಖ ಮಾಡಿ ಗುಡ್ಡದ ಸುದ್ದಿಯನ್ನೆಲ್ಲ ಹೇಳಿದ.

“ನಿನ್ ಪಿಕಾಸಿ ನಾನ್ ತಕ್ಕಂಡೆ ಕಣಣ್ಣ. ನಂದು ಮೊಂಡಾಗಿತ್ತು. ಬೇಜಾರ್ ಮಾಡ್ಕಬೇಡ.”

“ಬೇಜಾರ್ ಆಗದೆ ಏನ್ಲಾ? ತಂದ್ ಕೊಡ್ಲಾ ಇಲ್ಲಿ,” ಅಂದೆ.

ಅವನು ಒಲೆಯನ್ನೇ ಸ್ವಲ್ಪ ಹೊತ್ತು ನೋಡಿ ಹೊಂಬಾಳೆಗೆ ಹೇಳಿದ: “ಒಪ್ಪವ್ನೆ ಅಂತ ಕಾಣ್ತದೆ ಅತ್ತಿಗವ್ವ. ಒಳ್ಳೇ ಜೀವ.”

ನನಗೆ ನಗು ಬಂತು. ಹೊಂಬಾಳೆಗೆ ಬರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಅವಳ ವಿಷಯವೂ ತೀರ್ಮಾನವಾಗಿತ್ತು. ಗಂಡ ಎದ್ದಮೇಲೆ, ಮಕ್ಕಳಿಲ್ಲದ ಹೊರಗಿನ ಹೆಣ್ಣು ಬರುವ ಅಮಾವಾಸ್ಯೆಗೆ ತವರಿಗೆ ಹೋಗಬೇಕು. ಒಲೆಯ ಬೂದಿಯನ್ನು ನೆರೆಯವರ ಒಲೆಗೆ ಕೂಡಿಸುತ್ತಾರೆ. ಹೋದವಳು ಮತ್ತೆ ಈ ಗುಡ್ಡವನ್ನು ಕಣ್ಣಲ್ಲಿ ನೋಡಬಾರದು. ಅವಳ ಒಳ್ಳೆಯದಕ್ಕೆಂದೇ ಮಾಡಿದ ಕಟ್ಟಳೆ, ಎಳೆಯ ವಯಸ್ಸಿನವರು ಬೂದಿ ನೋಡುತ್ತ ಕೂರದೆ ಇನ್ನೊಂದು ಬಾಳು ಕಟ್ಟಿಕೊಳ್ಳಲಿ ಎಂದು.

“ನಂಗೆ ಇನ್ನೊಂದು ಬಾಳು ಬ್ಯಾಡ. ಇದೇ ಇನ್ನೂ ಶುರುವಾಗಿಲ್ಲ,” ಅಂದಳು ಹೊಂಬಾಳೆ. “ನಡೀರಿ, ಇಬ್ರೂ ನಮ್ಮೂರಿಗೆ ಹೋಗವ. ಅಲ್ಲಿ ಎಲ್ರೂ ದಿನಾ ಎದ್ದು ಗೇಯ್ತಾರೆ, ಯಾರೂ ಸಾಯಲ್ಲ.”

ನಡುಮಧ್ಯಾಹ್ನ ಹೊರಟೆವು. ಯಾರೂ ತಡೆಯಲಿಲ್ಲ. ಊರ ಗಡಿಕಲ್ಲಿನ ತನಕ ಅವಳು ನನ್ನ ಕೈಹಿಡಿದು ತನ್ನ ಮನೆಯ ಎಮ್ಮೆಯ ಸುದ್ದಿ ಹೇಳುತ್ತ ನಡೆದಳು. ಕಲ್ಲು ದಾಟಿ ಅವಳು ಒಂದು ಹೆಜ್ಜೆ ಇಟ್ಟಳು, ನನಗೆ ಇಡಲಾಗಲಿಲ್ಲ. ನೋವಿಲ್ಲ, ಭಾರವಿಲ್ಲ. ಅವಳು ಎಳೆಯುತ್ತಿದ್ದಳು, ಅದು ಕಣ್ಣಿಗೆ ಕಾಣುತ್ತಿತ್ತು. ಆದರೆ ಅವಳ ಕೈ ನನ್ನ ಕೈಗೆ ತಿಳಿಯುತ್ತಿರಲಿಲ್ಲ. ನನ್ನ ಬೆರಳು ಅವಳ ಬೆರಳಿನ ಸಂದಿಯಿಂದ ಸೋರಿಹೋಗುತ್ತಿರುವಂತೆ ಅನಿಸಿತು. ಅವಳು ಹೆದರಿ ಈಚೆಗೆ ಬಂದುಬಿಟ್ಟಳು. ಬಂದ ಕೂಡಲೇ ಅವಳ ಅಂಗೈಯ ಬೆವರು ನನಗೆ ತಾಗಿತು.

ಮನೆಗೆ ಬಂದೆವು. ನಾನು ಬೂದೆಮ್ಮ ತಾಯಿಯನ್ನು ನೆನೆದೆ. ಎಲ್ಲವೂ ಅವಳ ಕೈಯೊಳಗಿನದು, ಇರಿಸಿದಷ್ಟು ಹೊತ್ತು ಇರುವುದು, ಉದುರಿಸಿದಾಗ ಉದುರುವುದು. ಹಾಗೆಂದು ನೂರು ಬಾರಿ ಬೇರೆಯವರ ಮನೆಯಲ್ಲಿ ಹೇಳಿದ್ದೆ. ನನ್ನ ಮನೆಯಲ್ಲಿ ಹೇಳಿಕೊಳ್ಳುವುದು ಸುಲಭವಿರಲಿಲ್ಲ.

ಹೊಂಬಾಳೆಯ ತವರಿನಿಂದ ಬಂದ ಸಾಮಾನಿನಲ್ಲಿ ಒಂದು ಮಡಕೆ ಅವರೆಬೀಜ ಇತ್ತು. ಹುಳು ಬೀಳದಿರಲೆಂದು ಅವರ ಕಡೆ ಬೀಜವನ್ನು ಬೂದಿಯಲ್ಲಿ ಕಲೆಸಿಡುತ್ತಾರೆ. ಅಮಾವಾಸ್ಯೆ ಹತ್ತಿರವಾದ ಒಂದು ಸಂಜೆ ಅವಳು ಆ ಬೂದಿಯನ್ನು ಮೊರಕ್ಕೆ ಜರಡಿ ಹಿಡಿದು, ನಮ್ಮ ಮಾಡದ ಕಲ್ಲನ್ನು ಕಾಯಿಸಿ, ಅದರ ಮೇಲೆ ಹಿಡಿದಳು. ಬೂದಿ ನಡುಗಿತು, ಎಳೆಎಳೆಯಾಗಿ ನಿಂತಿತು, ಕಲ್ಲಿಗೆ ಹತ್ತಿತು. ನಮ್ಮವ್ವ ಹತ್ತುವ ಹಾಗೆಯೇ.

“ನೋಡುದ್ರಾ?” ಅವಳ ಕಣ್ಣು ಹೊಳೆಯುತ್ತಿತ್ತು. “ಇದು ನಮ್ಮಟ್ಟೀಲಿ ಸುಟ್ಟ ಎಳ್ ಕಡ್ಡಿ. ಇದ್ರಲ್ಲಿ ಯಾರ್ ಸತ್ತವ್ರೆ? ಎಳ್ ಗಿಡದ್ ತಾತನಾ? ಯಾವ್ ಬೂದಿ ಆದ್ರೂ ಬತ್ತದೆ ಕಣ್ರೀ, ಅದು ಕಲ್ಲಿನ್ ಗುಣ. ನಿಮ್ ಮೈಗೂ ಅಂಗೇ ಬಂತು. ನೀವು ಬದುಕಿದ್ದೀರಿ. ಅಮಾಸೆ ದಿನ ಗುಡಿ ಮುಂದೆ ಎಲ್ರಿಗೂ ತೋರುಸ್ತೀನಿ.”

ನನ್ನ ಮೊದಲ ಯೋಚನೆ ನನ್ನ ಬದುಕಿನದಾಗಿರಲಿಲ್ಲ. ಇಷ್ಟು ವರ್ಷ ಸಂಜೆ ಸಂಜೆ ನಾನು ಯಾರ ಹತ್ತಿರ ಮಾತಾಡಿದೆ ಎಂಬುದಾಗಿತ್ತು. ಎದೆಯೊಳಗೆ ಒಂದು ಗೂಡು ತೆರೆದ ಹಾಗಾಯಿತು. ಕೈ ಹಾಕಿದರೆ ಬರೀ ಜೇಡಿ.

ಅಮಾವಾಸ್ಯೆಯ ಸಂಜೆ ಊರೆಲ್ಲ ಗುಡಿಯ ಮುಂದೆ ಸೇರಿತು. ನಮ್ಮ ಬೂದೆಮ್ಮನಿಗೆ ಕಣ್ಣುಮೂಗು ಇಲ್ಲ. ಆಳೆತ್ತರದ ಬೂದಿಗಲ್ಲು, ಗುಡ್ಡದಲ್ಲಿ ಸಿಕ್ಕ ಹಾಗೆಯೇ ನಿಲ್ಲಿಸಿದ್ದು. ಸುತ್ತಲೂ ದೀಪ ಹಚ್ಚಿ ತಾಯಿಯ ಮೈ ಕಾಯಿಸುತ್ತಾರೆ. ಆಮೇಲೆ ಮನೆಮನೆಯ ಬೂದಿಯ ತಟ್ಟೆಗಳನ್ನು ಕಾಲಬಳಿ ಇಟ್ಟರೆ, ಊರಿನ ಎದ್ದವರೆಲ್ಲ ಒಟ್ಟಿಗೆ ಅವಳ ಮೈಗೆ ಹತ್ತುತ್ತಾರೆ. ಹಸಿರು ಕಲ್ಲು ಬೆಳ್ಳಗಾಗುತ್ತದೆ. ಮೊದಲು ಉದುರಿದ ಬೂದಿಯೇ ನಮಗೆ ಪ್ರಸಾದ.

ತಟ್ಟೆಗಳನ್ನು ಇಡುವ ಮೊದಲೇ ಹೊಂಬಾಳೆ ಮಡಕೆ ಹಿಡಿದು ಮುಂದೆ ಬಂದಳು. ನಾನು ಬೇವಿನ ಮರದ ಬುಡದಲ್ಲಿ, ಎದ್ದವರಿಗೆಂದು ಬಿಟ್ಟ ಜಾಗದಲ್ಲಿ ಒಬ್ಬನೇ ಇದ್ದೆ.

“ದೊಡ್ಡೋರೆಲ್ಲ ಕೇಳ್ಬೇಕು,” ಅಂದಳು. “ಇದು ನಮ್ಮೂರ ಬೂದಿ. ಎಳ್ ಕಡ್ಡೀದು. ಇದ್ರೊಳಗೆ ಸತ್ತೋರು ಯಾರೂ ಇಲ್ಲ. ಇದೂ ತಾಯಿ ಮೈಗೆ ಹತ್ತುದ್ರೆ, ನನ್ ಗಂಡನ್ ಮೈಗೆ ಹತ್ತಿದ್ ಬೂದಿಗೂ ಅರ್ಥ ಇಲ್ಲ. ಆಗ ನನ್ ಗಂಡನ್ನ ನಂಗೆ ಬುಟ್ಬುಡಿ.”

ಗುಡ್ಡಪ್ಪ ಕಣ್ಣುಮುಚ್ಚಿಕೊಂಡು ನಿಂತರು. “ತೋರ್ಸವ್ವ. ತಾಯಿ ಮುಂದೆ ಬ್ಯಾಡ ಅನ್ನಕೆ ನಾನ್ಯಾರು,” ಅಂದರು.

ಅವಳು ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಆಗ ದ್ಯಾವಮ್ಮಜ್ಜಿ ತನ್ನ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜನರ ನಡುವಿನಿಂದ ಬಂದಳು. ಜಗಳದ ಮುಖವಲ್ಲ. ಮಾಮೂಲಿನಂತೆ ನೆರೆಯವಳನ್ನು ಬೆಂಕಿ ಕೇಳಲು ಬಂದ ಮುಖ.

“ಮಗ, ಒಂದ್ ಮಾತು. ಅದು ಹತ್ತುಬುಡ್ತು ಅಂದ್ಕೊ. ಹತ್ತುತ್ತದೆ, ನೀನು ಸುಳ್ಳೇಳೋಳಲ್ಲ. ಆಮ್ಯಾಕೆ ನಾಳೆ ಸಂಜೆ ನಾನು ಸಾರಿನ್ ಉಪ್ಪ ಯಾರ ಕೇಳ್ಳಿ? ಅದೊಂದ ಹೇಳ್ಬುಟ್ಟು ಆಮ್ಯಾಕೆ ತೋರ್ಸು.”

ಹೊಂಬಾಳೆ ಅಜ್ಜಿಯನ್ನು ನೋಡಿದಳು. ಅಜ್ಜಿಯ ಹಿಂದೆ ತಟ್ಟೆ ಹಿಡಿದು ನಿಂತ ಒಬ್ಬೊಬ್ಬರನ್ನೂ ನೋಡಿದಳು. ಯಾರೂ ಕೋಪದಲ್ಲಿರಲಿಲ್ಲ. ಎಲ್ಲರೂ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಿದ್ದರು, ಗಾಳಿಗೆ ದೀಪ ಕಾಯುವ ಹಾಗೆ. ಕೊನೆಗೆ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಬಹುದಿತ್ತು, ಕೇಳುವವಳು ಅವಳೊಬ್ಬಳಾದರೂ ಇದ್ದಳು. ನನ್ನ ಹೆಸರು ನನಗೆ ವಾಪಸ್ಸು ಬೇಕಾಗಿತ್ತು, ಗುಡ್ಡ ಬೇಕಾಗಿತ್ತು, ಅವಳು ಬೇಕಾಗಿದ್ದಳು. ನಮ್ಮವ್ವನೂ ಬೇಕಾಗಿದ್ದಳು. ನನ್ನ ಮುಖದಲ್ಲಿ ಅವಳು ಏನು ಕಂಡಳೋ ನನಗೆ ಗೊತ್ತಿಲ್ಲ.

ತಾಯಿಯ ಮೈ ಚೆನ್ನಾಗಿ ಕಾದಿತ್ತು. ಮಡಕೆಯ ಬಾಯಿಯಿಂದ ಎಳ್ಳಿನ ಬೂದಿ ಆಗಲೇ ನಡುಗುತ್ತ ಅತ್ತ ವಾಲತೊಡಗಿತ್ತು. ಅವಳು ಬೇಗನೆ ಬೆನ್ನು ತಿರುಗಿಸಿ ಅದನ್ನು ಮರೆ ಮಾಡಿದಳು. ಎರಡೂ ಕೈ ತುಂಬ ಬೂದಿ ತೆಗೆದು ಹಣೆಗೆ, ಕೆನ್ನೆಗೆ, ಕತ್ತಿಗೆ ಹಚ್ಚಿಕೊಂಡಳು. ಕುಂಕುಮ ಅದರ ಅಡಿಯಲ್ಲಿ ಮುಚ್ಚಿಹೋಯಿತು.

“ನಾನೂ ಎದ್ದೆ,” ಅಂದಳು.

ಯಾರೋ ಕಿರುಚಿದರು. ಗುಡ್ಡಪ್ಪ “ಏನವ್ವ ಅಂದೆ ನೀನು?” ಎಂದು ಒಂದು ಹೆಜ್ಜೆ ಮುಂದೆ ಬಂದರು, ಆಮೇಲೆ ತಡೆದು ನಿಂತು ನಿಧಾನವಾಗಿ ಕೈಮುಗಿದರು. ಅವರು ಅವಳ ಜೊತೆ ನೇರವಾಗಿ ಆಡಿದ ಕೊನೆಯ ಮಾತು ಅದು. ಜನ ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಹೊಂಬಾಳೆ ಆ ದಾರಿಯಲ್ಲಿ ನಡೆದು ಬಂದು ಬೇವಿನ ಬುಡದಲ್ಲಿ ನನ್ನ ಪಕ್ಕ ಕೂತಳು. ಅವಳ ಕೈ ತಣ್ಣಗಿತ್ತು. “ಎದ್ದೋಳ್ನ ಯಾವ್ ತವರಿಗೆ ಕಳುಸ್ತಾರೆ, ಕಳುಸ್ಲಿ ನೋಡವ,” ಎಂದು ನನ್ನ ಕಿವಿಯಲ್ಲಿ ಅಂದಳು. ನಗುತ್ತಿದ್ದಳು. ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು.

ಹೀಗೆ ನಾವಿಬ್ಬರೂ ಉಳಿದೆವು. ಮನೆ ನಮ್ಮದೇ. ಹಿತ್ತಿಲಲ್ಲಿ ಅವರೆ ಬಂದಿದೆ, ಬಳ್ಳಿಗೆ ಚಪ್ಪರ ಹಾಕಿದ್ದೇನೆ. ಮದುವೆ ಮುಂಜಿ ಇರುವವರು ಬಂದು ಹೊಸ್ತಿಲಲ್ಲಿ ನಿಂತು ಹೇಳಿಹೋಗುತ್ತಾರೆ, ಅಪ್ಪಣೆ ಆಯಿತೆಂದು ತಾವೇ ತಿಳಿದುಕೊಳ್ಳುತ್ತಾರೆ. ಮೊದಮೊದಲು ಹೊಂಬಾಳೆ ಅವರಿಗೆ ಉತ್ತರ ಕೊಡುತ್ತಿದ್ದಳು, ರೇಗುತ್ತಿದ್ದಳು, ಸಣ್ಣೀರ ತಂದ ಎಡೆಯಲ್ಲಿ ಕಲ್ಲು ಸಿಕ್ಕಿದರೆ ಬೈಯುತ್ತಿದ್ದಳು. ಅವನು “ಅತ್ತಿಗವ್ವ ತೃಪ್ತಿಯಾದ್ರು” ಎಂದು ಹೋಗುತ್ತಿದ್ದ. ಬರಬರುತ್ತ ಅವಳ ಮಾತು ಕಮ್ಮಿಯಾಯಿತು. ನನ್ನ ಜೊತೆ ಮಾತ್ರ ಆಡುತ್ತಾಳೆ, ಅದೂ ಮೆಲ್ಲಗೆ. ನಮಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಬದುಕೆಂದರೆ ಇಷ್ಟೇ ಆಗಿದ್ದರೆ ನಾವು ಬದುಕಿದ್ದೇವೆ.

ಮೊನ್ನೆ ಸಂಜೆ ಉಣ್ಣುತ್ತ ಕೂತಿದ್ದೆವು. ನನ್ನ ತುತ್ತು ಅರ್ಧದಲ್ಲಿ ನಿಂತಿತು. ತೋಳಿನ ರೋಮಗಳು ಒಂದೇ ಕಡೆಗೆ, ದ್ಯಾವಮ್ಮಜ್ಜಿಯ ಮನೆಯ ಗೋಡೆಯ ಕಡೆಗೆ ವಾಲಿದ್ದವು. ಹೊಂಬಾಳೆಯ ಕೈಯೂ ನಿಂತಿತ್ತು. ಅವಳ ಹಣೆಯ ಮುಂಗುರುಳೆಲ್ಲ ಅತ್ತಲೇ ಚಾಚಿತ್ತು.

“ಗಾಳಿ ಅಲ್ವಾ?” ಅಂದಳು.

ದೀಪದ ಕುಡಿ ಅಲುಗುತ್ತಿರಲಿಲ್ಲ.

ಕೈ ತೊಳೆದು ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಒಲೆಯ ಮುಂದೆ ಕೂತು ಬೆಚ್ಚಗಾದ ಕಲ್ಲನ್ನು ಬೂದಿಯ ಮೇಲೆ ಹಿಡಿದಿದ್ದಳು. ಕೆಂಪು ಅಂಚಿನ ಬೆಂಕಿ ಸಣ್ಣಗೆ ಉರಿಯುತ್ತಿತ್ತು. ನಮ್ಮ ಕಡೆ ನೋಡದೆ, ಪಕ್ಕದಲ್ಲಿದ್ದ ಚಾಪೆಯನ್ನು ಬಿಡಿಸಿ ಹಾಸಿದಳು. ನಾನು ಕೂತೆ, ನನಗೆ ತಗುಲಿಕೊಂಡಂತೆ ಹೊಂಬಾಳೆ ಕೂತಳು. ಬೂದಿ ನಡುಗಿತು, ಎಳೆಎಳೆಯಾಗಿ ನಿಂತಿತು.

“ಬಂದ್ಯಾ ಮಗ?” ಅಂದಳು ಅಜ್ಜಿ, ಕಲ್ಲಿನ ಕಡೆಗೆ. “ಕೂತ್ಕೊ. ಇವತ್ತು ಹುಳ್ಳಿ ಸಾರು.”

ಆಗ ಹೊಂಬಾಳೆ, ಯಾವ ಬೂದಿಯಾದರೂ ಹತ್ತುತ್ತದೆ ಎಂದು ತನ್ನ ಕಣ್ಣಾರೆ ಕಂಡವಳು, ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿದಳು. ಸೆರಗನ್ನು ಸರಿಮಾಡಿಕೊಂಡು, ನನ್ನಿಂದ ಸ್ವಲ್ಪ ಆಚೆಗೆ ಸರಿದು, ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.